ಎಫ್‌ಡಿ ಅಂತ ಹೇಳಿ ಪಾಲಿಸಿ ಕೊಟ್ಟಿದ್ರ

ಜಮಖಂಡಿ ಅಣ್ಣಾರ, ಕಬ್ಬಿನ ಬಿಲ್ಲಿನ ರೊಕ್ಕ ಎಫ್‌ಡಿ ಇಡಾಕ ಹೋದ ಅಪ್ಪಾರಿಗೆ "ಇವತ್ತ ಕಡೇ ದಿನ" ಅಂತ ಅವಸರ ಮಾಡಿ ವಿಮಾ ಪಾಲಿಸಿ ಕೊಟ್ಟಾರ, ವಾಪಸ್ ಬರತೈತೇನು ಅಂತ ಕೇಳೀರಿ. ಬರತೈತಿ. ಪಾಲಿಸಿ ಕಾಗದ ಕೈಗೆ ಬಂದ ದಿನದಿಂದ 30 ದಿನ ಫ್ರೀ ಲುಕ್ ಅವಧಿ, ಅಂದ್ರ ಬ್ಯಾಡಾದ್ರ ಪಾಲಿಸಿ ವಾಪಸ್ ಕೊಡೋ ಅವಧಿ, ಇರತೈತಿ. ಲಕೋಟಿ ಒಗೀಬ್ಯಾಡ್ರಿ, ಮ್ಯಾಲಿನ ಅಂಚೆ ಮುದ್ರೆ ತಾರೀಖಿಗೆ ಸಾಕ್ಷಿ. ಬ್ಯಾಂಕಿನಾಂವ "ಮುಂದಿನ ವಾರ ನೋಡೋಣು" ಅಂದ್ರ ದಿನ ಕಳ್ಯಾಕತ್ತಾನ ಅಂತನ ತಿಳೀರಿ. ರದ್ದತಿ ಅರ್ಜಿ ನೇರ ವಿಮಾ ಕಂಪನಿಗೇ ಕೊಡ್ರಿ, ಮೂಲ ಪಾಲಿಸಿ, ಕ್ಯಾನ್ಸಲ್ ಚೆಕ್ ಹಚ್ಚಿ. ನಿಮ್ಮ ಪ್ರತಿ ಮ್ಯಾಲ ತಾರೀಖಿನ ಸಿಕ್ಕಾ ಹಾಕಿಸಿಕೊಳ್ರಿ. ವಿಮಾ ಕಂಪನಿಯಿಂದ ಪರಿಶೀಲನೆ ಫೋನ್ ಬಂದ್ರ "ಎಲ್ಲಾಕೂ ಹೂಂ ಅನ್ರಿ" ಅಂತ ಪಾಲಿಸಿ ಮಾರಿದವ್ರು ಕಲಿಸಿರ್ತಾರ. ಅನ್ನಬ್ಯಾಡ್ರಿ, "ಎಫ್‌ಡಿ ಅಂತ ಹೇಳಿ ಕೊಟ್ಟಾರ" ಅಂತ ಅಲ್ಲೇ ಹೇಳ್ರಿ. ಸ್ಟ್ಯಾಂಪ್ ಶುಲ್ಕ, ವೈದ್ಯಕೀಯ ತಪಾಸಣೆ ಖರ್ಚು, ಕಳೆದ ದಿನಗಳ ವಿಮಾ ಪಾಲು ಮುರಕೊಂಡು ಉಳಿದದ್ದು ಕೊಡ್ತಾರ. ಕಂಪನಿ ಸುಮ್ಮನ ಕುಂತ್ರ ವಿಮಾ ನಿಯಂತ್ರಣ ಪ್ರಾಧಿಕಾರದ (IRDAI) ಬಿಮಾ ಭರೋಸಾ ಪೋರ್ಟಲ್‌ನ್ಯಾಗ ದೂರು ಹಾಕ್ರಿ, ಇಲ್ಲಾ ಅವರದೇ ಸಹಾಯವಾಣಿ 155255ಕ್ಕ ಫೋನ್ ಮಾಡ್ರಿ.