ಒಬ್ಬರೇ ಹೋಗಿ ಮಾತನಾಡಿ

ಪ್ರಿಯ ಸಹೋದರಿ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪ್ರಾರ್ಥನೆಯ ವೇಳೆ ಬದಲಿಸುವ ವಿಷಯಕ್ಕೆ ನಿಮ್ಮ ಬಳಗ ಎರಡು ಪಾಲಾಗಿದೆ. ಒಟ್ಟಿಗೆ ಕಣ್ಣು ಮುಚ್ಚಿ ಕೂರುವವರು ಹೊರಬಂದ ಮೇಲೆ ಮುಖ ಕೊಟ್ಟು ಮಾತನಾಡುತ್ತಿಲ್ಲ. ಮನಸ್ತಾಪ ಬಗೆಹರಿಸುವುದನ್ನು ಎಲ್ಲರೂ ಕೂತು ಅಭ್ಯಾಸ ಮಾಡೋಣ ಎಂದರೆ ಹಿರಿಯರೊಬ್ಬರು, “ದೇವರನ್ನು ನಂಬಿದವರಿಗೆ ಅದೆಲ್ಲ ಯಾಕೆ?” ಎಂದರಂತೆ. ಅವರ ಮಾತು ಸರಿಯೇ ಎಂದು ಕೇಳಿದ್ದೀರಿ.

ಸರಿಯಲ್ಲ. ಸಾಕ್ಷಾತ್ ಬುದ್ಧನ ಜೊತೆಗಿದ್ದ ಭಿಕ್ಷುಗಳೇ ಜಗಳವಾಡಿಕೊಂಡಿದ್ದರು. ಕೌಶಾಂಬಿಯಲ್ಲಿ ಒಬ್ಬ ಭಿಕ್ಷು ಶೌಚದ ಪಾತ್ರೆಯಲ್ಲಿ ಒಂದಿಷ್ಟು ನೀರು ಉಳಿಸಿ ಬಂದ. ಅದು ನಿಯಮಕ್ಕೆ ವಿರುದ್ಧವೆಂದು ಇನ್ನೊಬ್ಬ ತಿಳಿಸಿದ, ಈತ ಒಪ್ಪಿಕೊಂಡ. ‘ಗೊತ್ತಿಲ್ಲದೆ ಮಾಡಿದ್ದರೆ ದೋಷವಿಲ್ಲ’ ಎಂಬಲ್ಲಿಗೆ ಮಾತು ಮುಗಿಯಿತು. ಆದರೆ ತಿಳಿಸಿದವನು ತನ್ನ ಶಿಷ್ಯರ ಮುಂದೆ, ಆತ ತಪ್ಪು ಮಾಡಿಯೂ ಅರಿಯದವನು ಎಂದುಬಿಟ್ಟ. ಇವನ ಶಿಷ್ಯರು ಅವನ ಶಿಷ್ಯರಿಗೆ ಹೇಳಿದರು, ಸಂಘ ಒಡೆಯಿತು. ಭಿಕ್ಷುಗಳು ತನ್ನ ಮಾತಿಗೂ ಬಗ್ಗದಿದ್ದಾಗ ಬುದ್ಧ ಕಾಡಿಗೆ ಹೊರಟುಹೋದ. ಗೃಹಸ್ಥರು ಭಿಕ್ಷೆ ನಿಲ್ಲಿಸಿದ ಮೇಲಷ್ಟೇ ಅವರು ದಾರಿಗೆ ಬಂದರು.

ಸಂಘವನ್ನು ಸೀಳಿದ್ದು ಬೆನ್ನ ಹಿಂದೆ ಆಡಿದ ಆ ಒಂದು ಮಾತು. ಬೈಬಲಿನ ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯ ಇದಕ್ಕೇ ಒಂದು ಕ್ರಮ ಹಾಕಿಕೊಡುತ್ತದೆ: ತಪ್ಪು ಮಾಡಿದವನ ಬಳಿಗೆ ಮೊದಲು ಒಬ್ಬನೇ ಹೋಗು, ಕೇಳದಿದ್ದರೆ ಒಬ್ಬಿಬ್ಬರನ್ನು ಜೊತೆಗೆ ಕರೆದುಕೊಂಡು ಹೋಗು, ಸಭೆಗೆ ತಿಳಿಸುವುದು ಆಮೇಲೆ. ನಾವು ಮಾಡುವುದು ತಿರುಗುಮುರುಗು. ವಾಟ್ಸ್‌ಆ್ಯಪ್ ಗುಂಪಿಗೆಲ್ಲ ಗೊತ್ತಾದ ಮೇಲೆ ಸಂಬಂಧಪಟ್ಟವರ ಕಿವಿಗೆ ಬೀಳುತ್ತದೆ.

ಒಬ್ಬರೇ ಹೋಗಿ ಹೇಳಲು, ಹೇಳಿದ್ದನ್ನು ಕೇಳಿಸಿಕೊಳ್ಳಲು ರೂಢಿ ಬೇಕು. ಇಬ್ಬಿಬ್ಬರಾಗಿ ಕುಳಿತುಕೊಳ್ಳಿ. ಒಬ್ಬರು ತಮ್ಮ ನೋವನ್ನು ಹೇಳಲಿ. ಇನ್ನೊಬ್ಬರು ಉತ್ತರ ಕೊಡದೆ, ಕೇಳಿದ್ದನ್ನಷ್ಟೇ ತಮ್ಮ ಮಾತಿನಲ್ಲಿ ತಿರುಗಿ ಹೇಳಲಿ. ‘ಹೌದು, ಅದೇ’ ಎನ್ನುವವರೆಗೂ ಮುಂದೆ ಹೋಗಬಾರದು. ಸದ್ಯದ ಜಗಳ ಬೇಡ, ಆರಿಹೋದ ಹಳೆಯದೊಂದನ್ನು ಎತ್ತಿಕೊಳ್ಳಿ. ಹೀಗೆ ನಾನೊಮ್ಮೆ ಕುಳಿತಾಗ ಎದುರಿಗಿದ್ದ ವೃದ್ಧೆಯೊಬ್ಬರು, ವರ್ಷಗಳ ಹಿಂದೆ ಪ್ರಾರ್ಥನಾ ಮಂದಿರದ ಬೀಗದಕೈಯನ್ನು ತಮ್ಮಿಂದ ಇಸಿದುಕೊಂಡಿದ್ದನ್ನು ಹೇಳಿದರು. “ಕೇಳದೆ ತೆಗೆದುಕೊಂಡರೆಂದು ಕೋಪ ಬಂತು” ಎಂದೆ. ಅಲ್ಲವೆಂದರು. “ನಂಬಿಕೆ ಇಲ್ಲವೆಂದು ಅವಮಾನವಾಯಿತು.” ಅದೂ ಅಲ್ಲ. “ಇನ್ನು ಮುಂದೆ ನೀವು ಬೇಡವಾದಿರಿ ಎನಿಸಿತು” ಎಂದಾಗ ಸುಮ್ಮನೆ ತಲೆಯಾಡಿಸಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಷ್ಟು ವರ್ಷ ಎಲ್ಲರೂ ಅದನ್ನು ಬೀಗದಕೈ ಜಗಳವೆಂದೇ ತಿಳಿದಿದ್ದರು.

ಒಂದು ಮಾತು ಮರೆಯಬೇಡಿ. ದೌರ್ಜನ್ಯ ನಡೆದಿದ್ದರೆ, ಅದರಲ್ಲೂ ಮಕ್ಕಳ ಮೇಲೆ ನಡೆದಿದ್ದರೆ, ರಾಜಿಗೆ ಕೂರಿಸಬೇಡಿ. ಅದು ಪೊಲೀಸರಿಗೆ ಹೋಗಬೇಕಾದ ವಿಷಯ. ಕ್ಷಮೆಯ ಹೆಸರಿನಲ್ಲಿ ನೊಂದವರ ಬಾಯಿ ಮುಚ್ಚಿಸುವುದನ್ನು ನಾನು ಪಾಪವೆಂದೇ ಕರೆಯುತ್ತೇನೆ.

ನಿಮ್ಮ ವೇಳೆಯ ಪ್ರಶ್ನೆ ಅಂಥದ್ದಲ್ಲ. ಹಳೆಯ ವೇಳೆಯೇ ಇರಲಿ ಎನ್ನುವವರಿಗೆ ಅದು ಯಾಕೆ ಬೇಕು, ಬದಲಾಗಲಿ ಎನ್ನುವವರ ಕಷ್ಟವೇನು ಎಂದು ಯಾರಾದರೂ ಕೇಳಿದ್ದಾರೆಯೇ? ಪತ್ರದಲ್ಲಿ ಅದು ಕಾಣಲಿಲ್ಲ. ಆ ಹಿರಿಯರಿಂದಲೇ ಆರಂಭಿಸಿ. ನನ್ನ ಈ ಉತ್ತರವನ್ನು ಗುಂಪಿನಲ್ಲಿ ಹಂಚುವ ಮೊದಲು ಅವರ ಮನೆಗೆ ಹೋಗಿ, ಒಬ್ಬರೇ.

— ಸಂಪಾದಕ