ಹುಲ್ಲು ಆಮೇಲೆ ನೋಡೋಣ, ಮೊದಲು ನಿಮ್ಮ ಹಿತ್ತಲಿನ ಎರೆ ಮಣ್ಣು ನೋಡಿ

ವಿಜಯಪುರದಲ್ಲಿ ಮನೆ, 25 ಅಡಿಗೆ 40 ಅಡಿ ಹಿತ್ತಲು, ಅದನ್ನು ಪೂರ್ತಿ ಪಟ್ಟಿಂಗ್ ಗ್ರೀನ್ (ಗಾಲ್ಫ್ ಚೆಂಡನ್ನು ಮೆಲ್ಲಗೆ ತಳ್ಳಿ ನೆಲದ ಕುಳಿಗೆ, ಅಂದರೆ ಕಪ್‌ಗೆ, ಬೀಳಿಸುವ ಅಂಗಳ) ಮಾಡಬೇಕು, ನೈಲಾನ್ ಹುಲ್ಲು ಒಳ್ಳೆಯದಾ ಪಾಲಿಪ್ರೊಪಿಲೀನ್ ಒಳ್ಳೆಯದಾ ಅಂತ ಕೇಳಿದ್ದೀರಿ. ನೆಲ ಸಮ ಮಾಡಿ ಎರಡೇ ದಿನದಲ್ಲಿ ಹಾಸಿ ಕೊಡ್ತೀವಿ ಅಂತ ಹುಲ್ಲಿನವರು ಹೇಳಿದ್ದಾರೆ ಅಂತಲೂ ಬರೆದಿದ್ದೀರಿ. ಆ ಮಾತು ಓದಿದ ಮೇಲೆ ಸುಮ್ನೆ ಇರಲು ಆಗಲಿಲ್ಲ. ನನಗೂ ಹಾಗೇ ಹೇಳಿದ್ದರು. ನಾನೂ ಒಪ್ಪಿಕೊಂಡಿದ್ದೆ.

ನಮ್ಮ ಮನೆಯೂ ವಿಜಯಪುರದಲ್ಲೇ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಗಾಲ್ಫ್ ಹುಚ್ಚು ಹಿಡಿದಿತ್ತು, ಊರಿಗೆ ಬಂದ ಮೇಲೆ ಚೆಂಡು ತಳ್ಳುವ ಕೋಲು, ಪಟರ್, ಬೀರುವಿನ ಹಿಂದೆ ನಿಂತುಬಿಟ್ಟಿತ್ತು. ಹಿತ್ತಲಲ್ಲಿ ಗ್ರೀನ್ ಮಾಡಿಸೋಣ ಅಂತ ಚಳಿಗಾಲದಲ್ಲಿ ಕೆಲಸ ಶುರು ಮಾಡಿಸಿದೆ. ಗೌಂಡಿ ಅರ್ಧ ಅಡಿ ಮಣ್ಣು ಕೆರೆದು ಗರಸು (ಸಣ್ಣ ಕಲ್ಲು ಬೆರೆತ ಮಣ್ಣು) ತುಂಬಿದ, ನೀರು ಹೊಡೆದು ದಿಮ್ಮಸ್ಸು ಹಾಕಿದ. ಮೇಲೆ ಕ್ರಷರ್ ಪುಡಿ, ಅದರ ಮೇಲೆ ಹುಲ್ಲು. ಸಂಕ್ರಾಂತಿ ಹೊತ್ತಿಗೆ ಚೆಂಡು ಗೆರೆ ಎಳೆದ ಹಾಗೆ ಹೋಗಿ ಕಪ್‌ಗೆ ಬೀಳುತ್ತಿತ್ತು.

ಏಪ್ರಿಲ್‌ನಲ್ಲಿ ಕಪ್ ಇನ್ನೇನು ಹತ್ತಿರ ಅನ್ನುವಾಗ ಚೆಂಡು ಎಡಕ್ಕೆ ಸರಿಯತೊಡಗಿತು. ಕೊನೆಗೆ ಮೂಲೆಯ ಹುಲ್ಲು ಬಿಡಿಸಿ ಎತ್ತಿ ನೋಡಿದೆ. ಕ್ರಷರ್ ಪುಡಿಯಲ್ಲಿ ಉದ್ದಕ್ಕೂ ಒಂದು ತಗ್ಗು ಗೆರೆ ಬಿದ್ದಿತ್ತು. ಬೆರಳಿನಿಂದ ಕೆದಕಿದರೆ ಪುಡಿ ಒಳಗೆ ಇಳಿಯುತ್ತಲೇ ಹೋಯಿತು. ಗರಸು ಸೀಳಿತ್ತು, ಅದರ ಕೆಳಗೆ ಎರೆ ಬಾಯಿ ಬಿಟ್ಟಿತ್ತು. ಪಟರ್ ತಿರುವಿ ಹಿಡಿಕೆಯ ತುದಿ ಇಟ್ಟರೆ ಸಲೀಸಾಗಿ ಒಳಗೆ ಹೋಯಿತು.

ಇದನ್ನು ಬಿಡಿಸಿ ಹೇಳಲೇಬೇಕು, ನನ್ನ ದುಡ್ಡು ಹೋಗಿದ್ದು ಇಲ್ಲೇ. ನಮ್ಮ ಎರೆ ಬಸಾಲ್ಟ್ ಕಲ್ಲು ಸವೆದು ಆದ ಮಣ್ಣು. ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಅನ್ನುವ ಜೇಡಿಯ ಪದರಗಳ ನಡುವೆ ನೀರು ಹೊಕ್ಕರೆ ಮಣ್ಣು ಉಬ್ಬುತ್ತದೆ, ಆರಿದರೆ ಕುಗ್ಗಿ ಬಿರಿಯುತ್ತದೆ. ಬಿರಿಯುವುದು ಇಲ್ಲಿ ಹೊಲ ಮಾಡಿದವರಿಗೆಲ್ಲ ಗೊತ್ತು, ನನಗೂ ಗೊತ್ತಿತ್ತು. ನಾನು ಲೆಕ್ಕಕ್ಕೆ ಹಿಡಿಯದೇ ಹೋದದ್ದು ತೇವ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ ಅನ್ನುವುದನ್ನು. ಇಡೀ ನೆಲ ಒಟ್ಟಿಗೆ ಉಬ್ಬಿ ಒಟ್ಟಿಗೆ ಇಳಿದರೆ ಚೆಂಡಿಗೆ ಅಷ್ಟೇನೂ ತೊಂದರೆಯಿಲ್ಲ. ನಮ್ಮ ಬಚ್ಚಲ ನೀರು ಒಂದು ಬದಿಯ ಬಾಳೆ ಗಿಡಕ್ಕೆ ಹೋಗುತ್ತಿತ್ತು, ಆ ಕಡೆ ಯಾವಾಗಲೂ ಹಸಿ. ಎದುರಿಗೆ ಬೇವಿನ ಮರ, ಅದರ ಬೇರು ಬೇಸಿಗೆಯಲ್ಲಿ ಇದ್ದಬದ್ದ ತೇವವನ್ನೆಲ್ಲ ಎಳೆಯುತ್ತಿತ್ತು. ಬಾಳೆ ಬದಿ ಮೇಲೇ ನಿಂತಿತು, ಬೇವಿನ ಬದಿ ಕುಸಿಯಿತು. ಸೆಪ್ಟೆಂಬರ್ ಮಳೆಯ ನೀರು ಬಿರುಕಿಗೆ ಇಳಿದು ಬೇವಿನ ಬದಿಯೂ ಎದ್ದಿತು, ಆದರೆ ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು. ಹುಲ್ಲಿನ ಜೋಡಣೆ ಅಲ್ಲೇ ಬಿಟ್ಟುಕೊಂಡಿತು.

ಮಲಪ್ರಭಾ ಕಾಲುವೆಗೂ ಇದೇ ಕಾಟ ಇತ್ತು, ಎರೆ ಉಬ್ಬಿ ಕಾಲುವೆಯ ಒಳಮೈಯ ಹೊದಿಕೆಯನ್ನು, ಅಂದರೆ ಲೈನಿಂಗ್ ಅನ್ನು, ಎತ್ತುತ್ತಿತ್ತು. ಐಐಟಿ ಬಾಂಬೆಯ ಪ್ರೊ. ಆರ್. ಕೆ. ಕಟ್ಟಿ ಅವರ ಸಂಶೋಧನೆ ತೋರಿಸಿದ ದಾರಿ ಏನಂದರೆ, ಎರೆಗೂ ಲೈನಿಂಗ್‌ಗೂ ನಡುವೆ ಉಬ್ಬದ, ಸ್ವಲ್ಪ ಅಂಟಿರುವ ಮಣ್ಣಿನ ದಪ್ಪ ಪದರ ಹಾಕುವುದು. ಹಿತ್ತಲಿಗೂ ಅದೇ ದಾರಿ, ಇಲ್ಲಿ ಆ ದಪ್ಪ ಪದರ ಗರಸಿನದು.

ಎಲ್ಲ ಕಿತ್ತು ಮತ್ತೆ ಮಾಡಿದೆ. ಮೊದಲು ಬಚ್ಚಲ ನೀರಿಗೆ ಪೈಪ್ ಹಾಕಿ ಹೊರಗಿನ ಗಟಾರಕ್ಕೆ ಬಿಟ್ಟೆ. ಎರಡು ಅಡಿ ಎರೆ ತೆಗೆಸಿದೆ, ಅದನ್ನು ಹೊಲದವರು ಖುಷಿಯಿಂದ ಒಯ್ದರು. ಗುಂಡಿಯ ತಳಕ್ಕೆ ಜಿಯೊಟೆಕ್ಸ್‌ಟೈಲ್, ಅಂದರೆ ಮಣ್ಣಿನ ಪದರಗಳು ಬೆರೆಯದಂತೆ ನಡುವೆ ಹಾಸುವ ಬಟ್ಟೆ, ಬದಿಗಳಿಗೆ ದಪ್ಪ ಪ್ಲಾಸ್ಟಿಕ್ ಹಾಳೆ. ಆಮೇಲೆ ಗರಸು. ಒಮ್ಮೆಲೇ ಸುರಿಯಬಾರದು. ಗೇಣುದ್ದಕ್ಕಿಂತ ಕಡಿಮೆ ಹಾಕಿ, ನೀರು ಹೊಡೆದು, ನೆಲ ಅದುಮುವ ಯಂತ್ರ, ಪ್ಲೇಟ್ ಕಾಂಪ್ಯಾಕ್ಟರ್, ಓಡಿಸಿ, ಆಮೇಲೆ ಮುಂದಿನ ಪದರ. ಮೇಲೆ ನಾಲ್ಕು ಇಂಚು ಪುಡಿ ಬೆರೆತ ಖಡಿ (ಜಲ್ಲಿ), ಕೊನೆಗೆ ಒಂದು ಇಂಚು ಕ್ರಷರ್ ಪುಡಿ. ನೂರು ಅಡಿಗೆ ಒಂದೆರಡು ಅಡಿ ಇಳಿಜಾರು ಸಾಕು, ಜಾಸ್ತಿಯಾದರೆ ಚೆಂಡು ನಿಲ್ಲುವುದಿಲ್ಲ. ಸುತ್ತ ಪರ್ಶಿ ಕಲ್ಲು ಹಾಸಿ ಹೊರಕ್ಕೆ ಇಳಿಜಾರು ಕೊಡಿ, ಮಳೆ ನೀರು ಅಂಚಿನಿಂದ ಒಳಗೆ ನುಗ್ಗಬಾರದು. ಕಾಂಪೌಂಡ್ ಗೋಡೆಯ ಬುಡಕ್ಕೆ ಹತ್ತಿರ ಮಾತ್ರ ಅಗೆಯಬೇಡಿ, ಕನಿಷ್ಠ ಮೂರು ಅಡಿ ಬಿಡಿ.

ಕಾಂಕ್ರೀಟ್ ಹಾಕಿಬಿಡೋಣ ಅಂತ ಯಾರಾದರೂ ಹೇಳುತ್ತಾರೆ, ಕೇಳಬೇಡಿ. ತೆಳ್ಳನೆಯ ಕಾಂಕ್ರೀಟ್ ಎರೆಯ ಮೇಲೆ ಸೀಳುತ್ತದೆ, ನೀರೂ ಬಸಿಯುವುದಿಲ್ಲ.

ಪೂರ್ತಿ ಹಿತ್ತಲು ಹಾಸುವ ಯೋಚನೆಯನ್ನೂ ಬಿಡಿ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ, ಆಗ ಬಿಸಿಲಿಗೆ ಬಿದ್ದ ಪ್ಲಾಸ್ಟಿಕ್ ಹುಲ್ಲಿನ ಮೇಲೆ ಮಧ್ಯಾಹ್ನ ಬರಿಗಾಲಿಡಲು ಆಗುವುದಿಲ್ಲ. ಮಕ್ಕಳು ಆಡಲಿ ಅಂತ ಇದ್ದರೆ ಮಣ್ಣು, ಮರದ ನೆರಳೇ ಸರಿ. 10 ಅಡಿಗೆ 18 ಅಡಿ ಗ್ರೀನ್ ಸಾಕು. ದಿನಾ ಅಭ್ಯಾಸ ಮಾಡಬೇಕಾದದ್ದು ಆರು ಅಡಿ, ಎಂಟು ಅಡಿಯ ಪಟ್, ಅದಕ್ಕೆ ಇಷ್ಟು ಜಾಗ ಧಾರಾಳ. ಆ ಅಳತೆಗೆ ದಿಮ್ಮಸ್ಸಿನ ನಷ್ಟ ಸೇರಿ ಸುಮಾರು 4 ಬ್ರಾಸ್ (ಒಂದು ಬ್ರಾಸ್ ಅಂದರೆ 100 ಘನ ಅಡಿ) ಗರಸು ಹಿಡಿಯುತ್ತದೆ.

ಇನ್ನು ನಿಮ್ಮ ಪ್ರಶ್ನೆ. ನೈಲಾನ್ ಗಟ್ಟಿ, ತುಳಿದರೂ ಎಳೆ ಮತ್ತೆ ಎದ್ದು ನಿಲ್ಲುತ್ತದೆ, ಬೆಲೆ ಜಾಸ್ತಿ. ಪಾಲಿಪ್ರೊಪಿಲೀನ್ ಅಗ್ಗ, ಬೇಗ ಮಲಗಿಬಿಡುತ್ತದೆ. ಒಳ್ಳೆಯ ಹುಲ್ಲು, ಗಟ್ಟಿ ನೆಲ ಎರಡಕ್ಕೂ ದುಡ್ಡು ಸಾಲದಿದ್ದರೆ ಅಗ್ಗದ ಹುಲ್ಲು ತನ್ನಿ, ನೆಲಕ್ಕೆ ಖರ್ಚು ಮಾಡಿ. ಹುಲ್ಲು ಬದಲಿಸಬಹುದು. ಎಳೆ ಅರ್ಧ ಇಂಚಿನ ಆಸುಪಾಸು ಇರಲಿ. ಲಾನ್‌ಗೆ ಹಾಸುವ ಉದ್ದ ಎಳೆಯದ್ದನ್ನು ಪಟ್ಟಿಂಗ್‌ಗೆ ಅಂತ ಮಾರುವವರಿದ್ದಾರೆ, ಎಚ್ಚರ. ತುಂಡು ಜೋಡಿಸಿದರೆ ಎಲ್ಲದರ ಎಳೆ ಒಂದೇ ದಿಕ್ಕಿಗೆ ಬಾಗಿರಬೇಕು. ಕಪ್ 4.25 ಇಂಚು ಅಗಲದ್ದೇ ತನ್ನಿ, ಅದೇ ಆಟದ ನಿಯಮದ ಅಳತೆ. ತಳದಲ್ಲಿ ತೂತು ಇರಲಿ, ಇಲ್ಲದಿದ್ದರೆ ಮಳೆಗಾಲದಲ್ಲಿ ಸೊಳ್ಳೆ. ಹಾಸಿದ ಮೇಲೆ ಒಣಗಿದ ಸಿಲಿಕಾ ಮರಳು ಉದುರಿಸಿ ಬ್ರಷ್ ಮಾಡುತ್ತಾ ಹೋಗಿ, ಚೆಂಡಿನ ವೇಗ ಅದರಿಂದಲೇ ಸಿಗುತ್ತದೆ.

ಅವಸರ ಮಾಡಬೇಡಿ. ಬೇಸಿಗೆಯಲ್ಲಿ ಅಗೆದು ಗರಸು ತುಂಬಿಸಿ, ಒಂದು ಮಳೆಗಾಲ ಅದರ ಮೇಲೆ ಹೋಗಲಿ, ಕುಸಿದ ಕಡೆ ಮತ್ತೆ ತುಂಬಿಸಿ, ನವೆಂಬರ್‌ನಲ್ಲಿ ಹುಲ್ಲು ಅಂಟಿಸಿ. ಈ ವಾರ ಹಿತ್ತಲಿನ ನಾಲ್ಕು ಮೂಲೆಯಲ್ಲಿ ಸಬ್ಬಲ್‌ನಿಂದ ಗುಂಡಿ ತೋಡಿ, ಎರೆ ಎಷ್ಟು ಆಳ ಇದೆ, ಬಚ್ಚಲ ನೀರು ಯಾವ ಕಡೆ ಹೋಗುತ್ತದೆ ಅಂತ ಇಲ್ಲೇ ಬರೆಯಿರಿ. ಎಲ್ಲಿ ಗ್ರೀನ್ ಇಡಬಹುದು ಅಂತ ನೋಡಿ ಹೇಳುತ್ತೇನೆ.