ಐದನೇ ತಿಂಗಳು, ಏರುದಾರಿ ಮತ್ತು ಹೆದರಿಕೆ

ಪ್ರಶ್ನೆ: ನಾನು ಸೋಮವಾರಪೇಟೆ ಕಡೆಯವಳು. ಇದು ಚೊಚ್ಚಲ ಬಸಿರು, ಐದನೇ ತಿಂಗಳು. ಮೊದಲು ತೋಟದಲ್ಲೆಲ್ಲ ಓಡಾಡಿಕೊಂಡಿದ್ದ ನನ್ನನ್ನು ಅತ್ತೆಯವರು ಈಗ ಅಂಗಳಕ್ಕೂ ಇಳಿಯಗೊಡುವುದಿಲ್ಲ. ತಪಾಸಣೆಯಲ್ಲಿ ಎಲ್ಲವೂ ಸರಿಯಿದೆ, ನಡೆಯಬಹುದು ಎಂದು ವೈದ್ಯರು ಹೇಳಿದ್ದಾರೆ. ಆದರೂ ಈಚೆಗೆ ಮೆಟ್ಟಿಲು ಹತ್ತುವಾಗಲೂ ಮಗುವಿಗೆ ಏನಾದರೂ ಆದೀತೆಂಬ ಭಯ ಕಾಡುತ್ತದೆ. ಏನು ಮಾಡಲಿ?

ಉತ್ತರ: ಅತ್ತೆಯವರದು ಅಕ್ಕರೆಯೇ, ಅನುಮಾನವಿಲ್ಲ. ಆದರೆ ದಿನವಿಡೀ 'ಬೇಡ, ಬೀಳುತ್ತೀಯ' ಎಂಬ ಮಾತು ಕಿವಿಗೆ ಬೀಳುತ್ತಿದ್ದರೆ ಎಂಥ ಗಟ್ಟಿಗಿತ್ತಿಯೂ ತನ್ನ ಕಾಲನ್ನು ತಾನೇ ನಂಬದಂತಾಗುತ್ತಾಳೆ. ತೊಡಕಿಲ್ಲದ ಬಸಿರಿನಲ್ಲಿ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ಇದರಿಂದ ಮಿತಿಮೀರಿ ತೂಕ ಏರುವ ಮತ್ತು ಗರ್ಭಾವಸ್ಥೆಯ ಸಕ್ಕರೆ ಕಾಯಿಲೆ ಬರುವ ಸಂಭವ ತಗ್ಗುತ್ತದೆ.

ಧೈರ್ಯ ಬಂದ ಮೇಲೆ ನಡೆಯುತ್ತೇನೆ ಎಂದು ಕಾಯಬೇಡಿ. ಒಂದು ಕೆಲಸ ತನ್ನಿಂದಾಗುತ್ತದೆ ಎಂಬ ನಂಬಿಕೆ ಎಲ್ಲಿಂದ ಬರುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ವಿವರಿಸಿದಾಗ, ಸ್ವತಃ ಮಾಡಿ ಗೆದ್ದ ಅನುಭವಕ್ಕೆ ಮೊದಲ ಸ್ಥಾನ ಕೊಟ್ಟರು; ನಮ್ಮಂಥವರೇ ಮಾಡಿದ್ದನ್ನು ಕಣ್ಣಾರೆ ಕಾಣುವುದು, ಬೇರೆಯವರ ಉತ್ತೇಜನದ ಮಾತು ಇವೆಲ್ಲ ಅದರ ನಂತರ. ಆದ್ದರಿಂದ ಈ ಮಳೆಯಲ್ಲಿ ಪಾಚಿಗಟ್ಟಿದ ಕಣಕ್ಕಾಗಲಿ, ಜಾರುವ ತೋಟದ ದಾರಿಗಾಗಲಿ ಇಳಿಯದೆ, ಮನೆಯ ಜಗಲಿಯಲ್ಲೇ ದಿನಕ್ಕೆ 10 ನಿಮಿಷ, ಆ ತುದಿಯಿಂದ ಈ ತುದಿಗೆ ನಡೆಯಿರಿ. ಒಂದು ವಾರ ಏನೂ ಆಗಲಿಲ್ಲವೆಂದು ಮೈಗೇ ಗೊತ್ತಾದಾಗ 15 ನಿಮಿಷವಾಗಲಿ, ಕ್ರಮೇಣ ವಾರದಲ್ಲಿ ಐದು ದಿನ ಅರ್ಧ ಗಂಟೆಯಾಗಲಿ. ನಡೆಯುತ್ತಾ ಮಾತಾಡಲು ಸಾಧ್ಯವಾದರೆ ವೇಗ ಸರಿಯಿದೆ. ಮಾತು ತುಂಡಾಗುವಷ್ಟು ಏದುಸಿರು ಬಂದರೆ ನಿಧಾನಿಸಿ.

ಮಾತಾಡಲು ಜೊತೆಗೊಬ್ಬರು ಬೇಕಲ್ಲ, ಅಲ್ಲಿಗೆ ಅತ್ತೆಯವರನ್ನೇ ಕರೆಯಿರಿ. ಮುಂದಿನ ತಪಾಸಣೆಗೂ ತಾಯಿ ಕಾರ್ಡಿನೊಂದಿಗೆ ಅವರನ್ನು ಕರೆದೊಯ್ದು, 'ನಡೆಯಬಹುದು' ಎಂಬ ಮಾತನ್ನು ವೈದ್ಯರ ಬಾಯಿಂದಲೇ ಕೇಳಿಸಿ. ಸೊಸೆ ಹೇಳಿದರೆ ಅದು ವಾದವಾಗುತ್ತದೆ, ವೈದ್ಯರು ಹೇಳಿದರೆ ತಿಳಿವಳಿಕೆಯಾಗುತ್ತದೆ. ನಿಮ್ಮ ಯಜಮಾನರು ಸಂಜೆಯ ಅಡುಗೆ ಕೆಲಸದಲ್ಲಿ ಅರ್ಧ ಗಂಟೆ ಕೈಜೋಡಿಸಿದರೆ, ಅದು ಹತ್ತು ಸಲ 'ಧೈರ್ಯವಾಗಿರು' ಎಂದದ್ದಕ್ಕಿಂತ ಹೆಚ್ಚು ಉಪಕಾರ.

ರಕ್ತಸ್ರಾವ, ನೀರು ಸೋರುವುದು, ತಲೆಸುತ್ತು, ಎದೆನೋವು, ಬಿಟ್ಟುಬಿಟ್ಟು ಬರುವ ಹೊಟ್ಟೆನೋವು, ಒಂದೇ ಮೀನಖಂಡದ ನೋವು ಅಥವಾ ಊತ ಕಂಡರೆ ಮಾತ್ರ ನಡಿಗೆ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ನಾವು ತೋಟದ ಲೈನ್ ಮನೆಯಲ್ಲಿದ್ದೇವೆ. ನನ್ನ ಹೆಂಡತಿ ಏಳನೇ ತಿಂಗಳಲ್ಲೂ ಕೆಲಸಕ್ಕೆ ಹೋಗುತ್ತಾಳೆ. ಅವಳಿಗೂ ಬೇರೆ ವ್ಯಾಯಾಮ ಬೇಕೇ?

ಉತ್ತರ: ಬೇಡ. ದಿನವಿಡೀ ಬಗ್ಗಿ ಎದ್ದು ಹೊರೆ ಎತ್ತುವ ದುಡಿಮೆಗೂ ಬಿಡುವಿನ ನಡಿಗೆಗೂ ಹೋಲಿಕೆಯಿಲ್ಲ. ಅವರಿಗೆ ಬೇಕಾಗಿರುವುದು ವಿಶ್ರಾಂತಿ. ನೀರು, ಸೌದೆ, ಮೂಟೆ ನಿಮ್ಮ ಪಾಲಿಗಿರಲಿ, ಹಗುರವಾದ ಕೆಲಸ ಕೊಡುವಂತೆ ಮೇಸ್ತ್ರಿಯವರನ್ನು ನೀವೇ ಕೇಳಿ. ಹೆರಿಗೆಗೆ ಮುಂಚಿನ 12 ತಿಂಗಳಲ್ಲಿ 80 ದಿನ ದುಡಿದಿರುವ ದೊಡ್ಡ ತೋಟಗಳ ಕಾರ್ಮಿಕ ಮಹಿಳೆಯರಿಗೆ ಮೊದಲ ಎರಡು ಹೆರಿಗೆಗಳಲ್ಲಿ 26 ವಾರಗಳ ಸಂಬಳಸಹಿತ ರಜೆ ಕಾನೂನಿನಲ್ಲಿದೆ. ತೋಟದ ಕಚೇರಿಯಲ್ಲಿ ಈಗಲೇ ವಿಚಾರಿಸಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆಯಿರುತ್ತದೆ. ಆ ದಿನ ರಕ್ತಹೀನತೆಯನ್ನೂ ಪರೀಕ್ಷಿಸಲು ಹೇಳಿ, ಸಾಧ್ಯವಾದರೆ ನೀವೂ ಒಂದು ದಿನದ ಕೂಲಿ ಬಿಟ್ಟು ಜೊತೆಗೆ ಹೋಗಿ.